ಸಣ್ಣೀರಕ್ಕನ ಫೋನಿನ ಹಳದಿ ಮೋಡ

...ಅಥವಾ ಅವಳು ಗುಟ್ಟೆ ಹತ್ತಿ ನಿಂತದ್ದನ್ನು ನಾನು ನೋಡಿಯೇ ಇಲ್ಲವೇನೋ. ನೆನಪಿನಲ್ಲಂತೂ ಇದೆ. ಮಳೆ ನಿಂತ ಸಂಜೆ, ಒದ್ದೆಯಾಗಿ ಕಪ್ಪಗೆ ಹೊಳೆಯುವ ಗುಡ್ಡದ ಅರೆಬಂಡೆ, ಅದರ ನೆತ್ತಿಯಲ್ಲಿ ಸಣ್ಣೀರಮ್ಮ. ಒಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಫೋನನ್ನು ತಲೆಯ ಮೇಲಕ್ಕೆ ಚಾಚಿದ್ದಾಳೆ, ಯಾರಿಗೋ ಆರತಿ ಎತ್ತುವವಳ ಹಾಗೆ. ನಾನು ಗುಟ್ಟೆಯ ಬುಡದಿಂದ ತಲೆ ಎತ್ತಿ ನೋಡುತ್ತಿದ್ದೇನೆ. ಆದರೆ ಆ ದಿನಗಳ ಸಂಜೆಗಳಲ್ಲಿ ನಾನು ಗುಟ್ಟೆಯ ಬುಡದಲ್ಲಿ ಇರಲೇ ಇಲ್ಲ. ಸಿರಾದಲ್ಲಿ, ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಕೂತಿದ್ದೆ. ಆಗಿನ್ನೂ ಮಳೆಯೂ ಬಂದಿರಲಿಲ್ಲ. ಅವಳು ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಾನೇ ಕಟ್ಟಿಕೊಂಡ ಚಿತ್ರ ಇರಬೇಕು. ಆರತಿಯಂತೂ ಈಗ ಬರೆಯುವಾಗ ಸೇರಿದ್ದು. ಅದನ್ನು ತೆಗೆದುಬಿಡುತ್ತೇನೆ. ಫೋನು ಹಿಡಿದಿದ್ದಳು, ಅಷ್ಟೆ.

ಮೊನ್ನೆ ಸಿರಾದಿಂದ ಬರಗೂರಿನ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ರಸ್ತೆಗೆ ಅಂಟಿಕೊಂಡ ಹೊಲವೊಂದರಲ್ಲಿ ಯಾರೋ ರಾತ್ರಿಯೆಲ್ಲ ಕುರಿಮಂದೆ ನಿಲ್ಲಿಸಿ, ಬೆಳಿಗ್ಗೆ ಎಬ್ಬಿಸಿಕೊಂಡು ಹೋಗಿದ್ದರು. ಹಿಕ್ಕೆ, ಗಂಜಲ, ನೆನೆದ ಉಣ್ಣೆ, ಕೆಂಪು ಮಣ್ಣು ಎಲ್ಲ ಕಲೆತ ಆ ಬಿಸಿ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನನ್ನ ಕಿವಿಗಳು ಬಿಸಿಯಾದವು. ವಾಸನೆಯೊಂದಕ್ಕೆ ನಾಚಿಕೆಪಡುವುದು ವಿಚಿತ್ರ ಅನಿಸಬಹುದು, ಆದರೆ ನನಗೆ ಆ ವಾಸನೆ ಬಂದಾಗಲೆಲ್ಲ ಮೊದಲು ಆಗುವುದು ನಾಚಿಕೆ. ಅದು ಯಾಕೆ ಎಂದು ಹೇಳಬೇಕಾದರೆ ಒಂದು ಮುಂಗಾರಿಗೆ ಹೋಗಬೇಕು, ಮತ್ತು ಆ ಮುಂಗಾರನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಎಂದು ಯಾರೂ ನಂಬಬಾರದು.

ಆ ವರ್ಷ ನಾನು ಮಧುಗಿರಿಯ ಮನೆ ಬಿಟ್ಟು ಸಿರಾದಲ್ಲಿ ಕೋಣೆ ಮಾಡಿಕೊಂಡಿದ್ದೆ. ಕುರಿ ಸಾಕುವವರಿಗಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿನ ಹಟ್ಟಿಗಳಲ್ಲಿ ಅದಕ್ಕೆ ಪಶು ಸಖಿಯರು ಇದ್ದರು. ಸಖಿ ಅಂದರೆ ಅದೇ ಹಟ್ಟಿಯ ಹೆಣ್ಣುಮಗಳು. ಕುರಿಗೆ ಜಂತಿನ ಔಷಧಿ ಕುಡಿಸುವುದು, ಗಾಯ ತೊಳೆಯುವುದು, ಲಸಿಕೆಯವರನ್ನು ಹೊತ್ತಿಗೆ ಸರಿಯಾಗಿ ಕರೆಸುವುದು ಅವಳ ಕೆಲಸ. ಲಸಿಕೆಗೆ ಹೆಸರು ಬರೆಸುವುದನ್ನು ಫೋನಿನ ಆಪ್‌ಗೆ ತರಬೇಕೆಂದು ಸಂಸ್ಥೆ ತೀರ್ಮಾನಿಸಿತ್ತು. ಇಮ್ರಾನ್ ಎಂಬ ಸಿರಾದ ಹುಡುಗ ಸರ್ವರಿನ ಭಾಗ ಬರೆದ. ಸಖಿಯರ ಕೈಯಲ್ಲಿರುವ ಆಪ್ ನನ್ನದು.

ಅವಸರ ಇತ್ತು, ಅದಕ್ಕೆ ಕಾರಣ ಕರುಳುಬೇನೆ. ಬೇಸಿಗೆಯೆಲ್ಲ ಒಣಕಡ್ಡಿ ತಿಂದ ಕುರಿ ಮೊದಲ ಮಳೆಗೆ ಎದ್ದ ಎಳೆ ಹುಲ್ಲಿಗೆ ಬಾಯಿ ಹಾಕಿದಾಗ ಬರುವ ರೋಗ. ಬೆಳಿಗ್ಗೆ ಕುಣಿದಾಡುತ್ತಿದ್ದ ಮರಿ ಮಧ್ಯಾಹ್ನ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ. ಚೆನ್ನಾಗಿ ಮೇಯ್ದು ದುಂಡಗಾದವೇ ಮೊದಲು ಹೋಗುತ್ತವೆ. ಬಂದ ಮೇಲೆ ಮಾಡುವುದು ಏನೂ ಇಲ್ಲ. ಮಳೆಗೆ ಮುಂಚೆ ಲಸಿಕೆ ಬೀಳಬೇಕು, ಬಿದ್ದು ಮೈಗೆ ಹಿಡಿಯಲು ಒಂದಷ್ಟು ದಿನ ಬೇಕು. ಲಸಿಕೆಯ ಬಾಟಲಿ ಒಡೆದರೆ ಅಂದೇ ಮುಗಿಸಬೇಕು, ಆದ್ದರಿಂದ ಮಂದೆಯಲ್ಲಿ ಕುರಿ ಎಷ್ಟು ಎಂಬುದು ಮೊದಲೇ ಗೊತ್ತಿರಬೇಕು. ಆಪ್‌ನಲ್ಲಿ ತುಂಬಬೇಕಾದ್ದು ಹೆಚ್ಚೇನಿರಲಿಲ್ಲ: ಯಾರ ಮಂದೆ, ಎಲ್ಲಿ ಬಿಟ್ಟಿದ್ದಾರೆ, ಎಷ್ಟು ಕುರಿ. ಸಖಿ ಗುಂಡಿ ಒತ್ತಿದರೆ ಅದು ಇಮ್ರಾನನ ಸರ್ವರಿಗೆ ಹೋಗುತ್ತದೆ, ಸರ್ವರು ಉತ್ತರ ಕೊಡುತ್ತದೆ.

ಈ ಉತ್ತರದ ವಿಷಯ ಸ್ವಲ್ಪ ವಿವರಿಸಬೇಕು. ಸರ್ವರು ಸುಮ್ಮನೆ ಹೌದು, ಇಲ್ಲ ಎನ್ನುವುದಿಲ್ಲ. ಒಂದು ಸಂಖ್ಯೆ ಕಳಿಸುತ್ತದೆ, ಜೊತೆಗೆ ಒಂದು ಮಾತು. ಇನ್ನೂರರ ಸಾಲಿನ ಸಂಖ್ಯೆ ಬಂದರೆ ಕೆಲಸವಾಯಿತು. ನಾನೂರರ ಸಾಲು ಬಂದರೆ, ನೀನು ಕಳಿಸಿದ್ದನ್ನು ಹೀಗೇ ತೆಗೆದುಕೊಳ್ಳಲಾರೆ, ಅದನ್ನೇ ಮತ್ತೆ ಮತ್ತೆ ಕಳಿಸಬೇಡ ಎಂದು ಅರ್ಥ. ಏನು ಸರಿಯಿಲ್ಲ ಎಂಬುದು ಜೊತೆಗಿನ ಮಾತಿನಲ್ಲಿರುತ್ತದೆ: ಕುರಿಯ ಸಂಖ್ಯೆ ಹಾಕಿಲ್ಲ, ಈ ವಾರ ನಿಮ್ಮ ಕಡೆಯ ಲಸಿಕೆ ಮುಗಿದಿದೆ, ಇಂಥದ್ದು. ಐನೂರರ ಸಾಲು ಅಂದರೆ ತೊಂದರೆ ಸರ್ವರಿನದೇ, ತಾಳಿ ಮತ್ತೆ ಕೇಳು. ಯಾವ ಉತ್ತರವೂ ಬಾರದಿದ್ದರೆ ಮಾತ್ರ ಅದು ದಾರಿಯ ತೊಂದರೆ, ಅಂದರೆ ನೆಟ್‌ವರ್ಕು. ಆಪ್ ಬರೆಯುವವಳು ಇವನ್ನೆಲ್ಲ ಬೇರೆ ಬೇರೆ ಮಾಡಿ ಓದಬೇಕು. ನಾನು ಬೇರೆ ಮಾಡಲಿಲ್ಲ. ಇನ್ನೂರು ಬಾರದ್ದೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ, ಪರದೆಯ ಮೇಲೆ ಒಂದು ಹಳದಿ ಮೋಡ ತೋರಿಸಿದೆ. ಮೋಡದ ಕೆಳಗೆ ಬರೆದೆ: ‘ಉಳಿಸಲಾಗಿದೆ. ನೆಟ್‌ವರ್ಕ್ ಸಿಕ್ಕಾಗ ತಾನೇ ಹೋಗುತ್ತದೆ.’

ಸೋಮಾರಿತನ ಎಂದರೆ ಒಪ್ಪುತ್ತೇನೆ, ಆದರೆ ಪೂರ್ತಿ ಅದಲ್ಲ. ಮೊದಲು ಕೆಂಪು ಅಕ್ಷರಗಳ ಸಂದೇಶಗಳನ್ನು ಹಾಕಿದ್ದೆ. ಕೊರಟಗೆರೆಯಲ್ಲಿ ಸಖಿಯರನ್ನೆಲ್ಲ ಸೇರಿಸಿ ಆಪ್ ತೋರಿಸುವ ದಿನ, ಹೊರಗಿನ ಅತಿಥಿಗಳ ಎದುರಿಗೇ ಪರದೆಯ ತುಂಬ ಕೆಂಪು ಬಂತು. ಸಂಸ್ಥೆಯ ಮುಖ್ಯಸ್ಥರು ಮುಖ ಕೆಂಪಗೆ ಮಾಡಿಕೊಂಡು, ಹೆಣ್ಣುಮಕ್ಕಳು ಹೆದರುತ್ತಾರೆ, ಕೆಂಪು ಬೇಡ, ಏನಾದರೂ ಸಮಾಧಾನದ್ದು ಹಾಕಿ ಅಂದರು. ಅವತ್ತಿನ ಸಖಿಯರು ಯಾರೂ ಹೆದರಿರಲಿಲ್ಲ. ಪಾವಗಡದ ಕಡೆಯ ಒಬ್ಬಾಕೆ ತೆಲುಗಿನಲ್ಲೇ ಪಕ್ಕದವಳಿಗೆ ಏನೋ ಹೇಳಿ ನಕ್ಕಿದ್ದಳು. ಹೆದರಿದವರು ನಾವು. ಆದರೆ ಸಮಾಧಾನದ್ದು ಹಾಕುವುದು ನನಗೆ ಸುಲಭವೂ ಆಯಿತು. ಈ ಕಡೆ ನೆಟ್‌ವರ್ಕ್ ಇರುವುದಿಲ್ಲ ಎಂಬುದು ಮಳೆ ಇರುವುದಿಲ್ಲ ಎಂಬಷ್ಟೇ ಎಲ್ಲರೂ ಒಪ್ಪಿದ ಮಾತು. ಅದರ ಮೇಲೆ ಹಾಕಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಇಮ್ರಾನ್ ಕೇಳಿದ. “ಅರೆ, ನಾನು ಇಷ್ಟೊಂದು ಥರ ಕಾರಣ ಕಳಿಸ್ತೀನಿ, ನೀನು ಎಲ್ಲಾದಕ್ಕೂ ಒಂದೇ ಮೋಡ ತೋರಿಸ್ತೀಯಲ್ಲ.”

“ಅವರಿಗೆ ಕಾರಣ ಕಟ್ಕೊಂಡು ಏನಾಗ್ಬೇಕು? ಹೋಯ್ತಾ, ಇಲ್ವಾ, ಅಷ್ಟೇ ತಾನೇ.”

“ಅಷ್ಟಾದ್ರೂ ನಿಜ ಹೇಳು ಮತ್ತೆ” ಎಂದು ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಈ ಮಾತು ಅವನು ಆಗಲೇ ಹೇಳಿದನೋ, ಎಲ್ಲ ಮುಗಿದ ಮೇಲೆ ಹೇಳಿದ್ದನ್ನು ನಾನು ಹಿಂದಕ್ಕೆ ತಂದು ಇಲ್ಲಿ ಕೂರಿಸಿದ್ದೇನೋ. ಆಗಲೇ ಹೇಳಿದ್ದರೆ ನನ್ನ ತಪ್ಪು ದೊಡ್ಡದಾಗುತ್ತದೆ. ಕಥೆಯೂ ಚೆನ್ನಾಗುತ್ತದೆ. ಅದಕ್ಕೇ ಅನುಮಾನ.

ಸಣ್ಣೀರಮ್ಮ ಹುಲಿಕುಂಟೆ ಹೋಬಳಿಯ ಒಂದು ಹಟ್ಟಿಯ ಸೊಸೆ. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ನಾನು ಸಣ್ಣೀರಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಮೇಡಮ್ಮ ಎನ್ನುತ್ತಿದ್ದಳು. ಆಪ್ ಕಲಿಸಲು ಹೋದ ದಿನ ಅವಳ ಗಂಡನ ದೊಡ್ಡಪ್ಪ ಚಿತ್ತಯ್ಯ ರೊಪ್ಪದ ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದರು. ರೊಪ್ಪ ಅಂದರೆ ಜಾಲಿಮುಳ್ಳಿನ ಬೇಲಿ ಕಟ್ಟಿದ ಕುರಿದೊಡ್ಡಿ. ಮಂದೆ ಅವರದು, ಮಾತೂ ಅವರದು. ಒಟ್ಟು ಎಷ್ಟು ಕುರಿ ಇವೆ ಅಜ್ಜಾ ಎಂದು ನಾನು ಫೋನು ಹಿಡಿದು ಕೇಳಿದೆ.

“ನಿಮ್ಮನೇಲಿ ಎಷ್ಟು ಜನ ಇದ್ದೀರವ್ವ?”

“ಐದು ಜನ.”

“ಬೆಳಿಗ್ಗೆ ಎದ್ದು ಎಣಿಸ್ಕಂಡು ಬಂದ್ಯಾ?”

ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಆಮೇಲೆ ಸಣ್ಣೀರಕ್ಕ ಪಕ್ಕಕ್ಕೆ ಕರೆದು ಹೇಳಿದಳು: ರೊಪ್ಪದಲ್ಲಿ ನಿಂತ ಮಂದೆಯನ್ನು ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ಬೀಳುತ್ತದೆ. ಸಂತೆಗೆ ಹೊಡೆದುಕೊಂಡು ಹೋದವನ್ನು ಎಣಿಸಬಹುದು, ಅವು ಹೇಗೂ ಮನೆಯವಲ್ಲ. ಒಂದು ಕುರಿ ತಪ್ಪಿಸಿಕೊಂಡರೆ ಮುದುಕರಿಗೆ ಮುಖ ನೋಡಿಯೇ ಗೊತ್ತಾಗುತ್ತದೆ, ಲೆಕ್ಕ ಬೇಕಿಲ್ಲ. ಹಾಗಾದರೆ ಅಂದಾಜು ಹಾಕಿ ಅಕ್ಕ ಎಂದೆ. ಅಂದೆನೇ? ಅಂದಿರಬೇಕು. ಅಂದಿದ್ದರೆ ಅವಳು ಹಾಗೇ ಮಾಡಿರುತ್ತಿದ್ದಳು ಎಂದೂ ಅನಿಸುತ್ತದೆ. ಅವಳು ಹೇಳಿದ್ದನ್ನು ಮಾಡುವವಳು.

ಬೇಸಿಗೆಯ ಕೊನೆಯಲ್ಲಿ ಅವಳ ಫೋನು ಬಂತು.

“ಮೋಡ ಹೋಗ್ತಾನೇ ಇಲ್ಲ ಕಣಮ್ಮ. ಇಲ್ಲಿ ಆಕಾಶದಾಗೆ ಒಂದು ತುಂಡು ಮೋಡ ಇಲ್ಲ, ನಿಮ್ಮ ಆಪ್ನಾಗೆ ಮಾತ್ರ ನಾನು ಬುಡಂಗಿಲ್ಲ ಅಂತ ನಿಂತೈತೆ.”

ಕೋಣೆಯಲ್ಲಿ ಇಮ್ರಾನನಿಗೆ ಈ ಮಾತು ಹೇಳಿ ಇಬ್ಬರೂ ನಕ್ಕಿದ್ದೆವು. ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ ನೋಡಿ ಅಕ್ಕ, ನೆಟ್‌ವರ್ಕ್ ಸಿಗುತ್ತೆ ಎಂದು ಅವಳಿಗೆ ಹೇಳಿದೆ. ಅಂದರೆ ಗುಟ್ಟೆ ಹತ್ತಿಸಿದವಳು ನಾನು. ಹಟ್ಟಿಯ ಹಿಂದಿನ ಗುಟ್ಟೆಗೆ ಮೆಟ್ಟಿಲಿಲ್ಲ, ಅರೆಯ ಮೇಲೆ ಕಾಲಿಟ್ಟು ಕಾಲಿಟ್ಟು ನುಣುಪಾದ ಒಂದು ಗೆರೆ ಇದೆ. ದಿನದ ಕೆಲಸ ಮುಗಿಸಿ, ಒಲೆ ಹಚ್ಚುವ ಮೊದಲು ಅವಳು ಹತ್ತಿ ಹೋಗುತ್ತಿದ್ದಳು. ಮೇಲೆ ಹೋಗಿ ಫೋನು ಮಾಡುತ್ತಿದ್ದಳು. ಒಮ್ಮೆ ಅವಳು ಹೇಳಿದ್ದು ಹೀಗೆ ಎಂದು ನೆನಪು: “ಇಲ್ಲಿ ಕಡ್ಡಿ ಪೂರ್ತಿ ಬತ್ತೈತೆ. ಆದ್ರೂ ಹೋಗಲ್ಲ.”

ಕಡ್ಡಿ ಅಂದರೆ ಫೋನಿನ ಮೂಲೆಯಲ್ಲಿ ಸಿಗ್ನಲ್ ತೋರಿಸುವ ಗೆರೆಗಳು. ಅವು ಪೂರ್ತಿ ಇದ್ದು, ನನ್ನೊಡನೆ ಮಾತಾಡಲೂ ಆಗುತ್ತಿದ್ದು, ಲಸಿಕೆಯ ಕೋರಿಕೆ ಮಾತ್ರ ಹೋಗುತ್ತಿಲ್ಲ ಅಂದರೆ ತೊಂದರೆ ಬೇರೆ ಎಂದು ಹೊಳೆಯಲು ಬುದ್ಧಿವಂತಿಕೆಯೇನೂ ಬೇಕಿರಲಿಲ್ಲ. ನಾನು ಸರ್ವರ್ ಬಿಜಿ ಇರಬೇಕು ಅಂದೆ. ಸರ್ವರ್ ನನ್ನ ಪಕ್ಕದ ಮೇಜಿನ ಹುಡುಗನದು. ಕುರ್ಚಿ ತಿರುಗಿಸಿ ಕೇಳಿದ್ದರೆ ಸಾಕಿತ್ತು.

ಕೇಳದೆ, ಇನ್ನೊಂದು ಮಾತು ಹೇಳಿದೆ. ಎಲ್ಲ ಸರಿಯಾಗಿ ತುಂಬಿದ್ದೀರಾ, ಸಂಖ್ಯೆ ಸರಿಯಾಗಿ ಹಾಕಿದ್ದೀರಾ, ಇನ್ನೊಮ್ಮೆ ತುಂಬಿ ಕಳಿಸಿ ನೋಡಿ. ಅವಳು ಸೊನ್ನೆ ಹಾಕಿವ್ನಿ ಅಂದಳು. ನನ್ನ ಕಿವಿಯಲ್ಲಿ ಆ ಮಾತು ಇವತ್ತಿಗೂ ಇದೆ, ಸೊನ್ನೆ ಹಾಕಿವ್ನಿ. ಹಾಗಾದರೆ ಸರಿಯಾದ ಸಂಖ್ಯೆ ಹಾಕಿ ಅಂದೆ.

ಮಾರನೆಯ ಬೆಳಿಗ್ಗೆ ಮಂದೆ ಮೇವಿಗೆ ಹೊರಡುವಾಗ ಸಣ್ಣೀರಕ್ಕ ರೊಪ್ಪದ ಬಾಗಿಲ ಪಕ್ಕ ನಿಂತು, ಕುರಿ ದಾಟಿದ ಹಾಗೆಲ್ಲ ಒಂದೊಂದು ಬೆಣಚುಕಲ್ಲನ್ನು ಮಡಿಲಿಗೆ ಹಾಕಿಕೊಂಡಳು. ತುಟಿ ಅಲ್ಲಾಡಿಸಲಿಲ್ಲವಂತೆ, ಬಾಯಲ್ಲಿ ಎಣಿಸಿದರೆ ತಾನೇ ದೋಷ ಎಂದು. ಆಮೇಲೆ ಗುಟ್ಟೆಯ ಮೇಲೆ ಕೂತು ಕಲ್ಲುಗಳನ್ನು ಎಣಿಸಿ, ಹೊಸದಾಗಿ ತುಂಬಿ, ಗುಂಡಿ ಒತ್ತಿದಳು. ಮೋಡ ಹೋಗಲಿಲ್ಲ. ಎರಡು ಮೋಡಗಳಾದವು. ಕಲ್ಲುಗಳನ್ನು ಅಲ್ಲೇ ಸುರಿದು ಬರುವುದು ಬಿಟ್ಟು, ಮತ್ತೆ ಬೇಕಾದೀತು ಎಂದು ಮನೆಯ ಗೂಡಿನಲ್ಲಿಟ್ಟಳು. ಅವಳ ಅತ್ತೆ ನೋಡಿದಳು.

ಎರಡನೇ ಕೋರಿಕೆ ಯಾಕೆ ಹೋಗಲಿಲ್ಲ ಎಂಬುದು ಮಾತ್ರ ಖಚಿತವಾಗಿ ಗೊತ್ತು. ಕಾದಿರುವ ಕೋರಿಕೆಗಳನ್ನು ಒಂದರ ಹಿಂದೆ ಒಂದರಂತೆ ಸಾಲಿನಲ್ಲಿ ನಿಲ್ಲಿಸಿದ್ದೆ. ಮೊದಲನೆಯದು ಹೋಗುವವರೆಗೆ ಎರಡನೆಯದು ಕದಲುವಂತಿಲ್ಲ. ಸರ್ವರು ಮೊದಲನೆಯದನ್ನು ಬೇಡ ಎಂದು ವಾಪಸು ಕಳಿಸುತ್ತಿತ್ತು, ನನ್ನ ಆಪ್ ಅದನ್ನು ನೆಟ್‌ವರ್ಕ್ ಎಂದುಕೊಂಡು ಮತ್ತೆ ಅದನ್ನೇ ಕಳಿಸುತ್ತಿತ್ತು. ಹಿಂದೆ ನಿಂತದ್ದು, ಬಹುಶಃ ಪೂರ್ತಿ ಸರಿಯಾಗಿದ್ದದ್ದು, ಅವಳು ಮನೆಯವರ ಕಣ್ಣು ತಪ್ಪಿಸಿ ಕಲ್ಲು ಹಾಕಿ ಎಣಿಸಿದ್ದು, ಫೋನು ಬಿಟ್ಟು ಹೊರಗೇ ಹೋಗಲಿಲ್ಲ.

ಮಳೆ ಆ ವರ್ಷ ಬೇಗ ಬಂತು. ಸಿರಾದಲ್ಲಿ ಜನ ಬೀದಿಗಿಳಿದು ಮುಖ ಒಡ್ಡಿದರು. ಇಮ್ರಾನ್ ಮೆಣಸಿನಕಾಯಿ ಬಜ್ಜಿ ತಂದ. ಕಳ್ಳಂಬೆಳ್ಳದ ಕೆರೆಗೆ ನೀರು ಬಂತೆಂದು ಯಾರೋ ಫೋನಿನಲ್ಲಿ ವಿಡಿಯೋ ತೋರಿಸಿದರು. ಸಣ್ಣೀರಕ್ಕನ ಹಟ್ಟಿಯ ಸುತ್ತ ಒಂದು ವಾರದಲ್ಲಿ ಬಯಲೆಲ್ಲ ಹಸಿರಾಯಿತು. ಆಮೇಲೆ ಮರಿಗಳು ಬೀಳತೊಡಗಿದವು. ಎಷ್ಟು ಎಂದು ಬರೆಯುವುದಿಲ್ಲ. ಎಣಿಸಿದವರು ಅದನ್ನು ಎಣಿಸಿದ್ದಾರೆ, ನನಗೆ ಆ ಅಧಿಕಾರ ಇಲ್ಲ ಅನಿಸುತ್ತದೆ.

ಮುಖ್ಯಸ್ಥರು, ನಾನು, ಜೀಪು. ಹಟ್ಟಿ ತಲುಪಿದಾಗ ಹನಿ ಇತ್ತು. ಆ ವಾಸನೆ ಇತ್ತು, ಅದರೊಳಗೆ ಇನ್ನೊಂದು ವಾಸನೆಯೂ. ಜನ ಜಗಲಿಯ ಸುತ್ತ ಸೇರಿದರು. ಸಣ್ಣೀರಕ್ಕ ಒಂದು ಕಂಬಕ್ಕೆ ಒರಗಿ ನಿಂತಿದ್ದಳು, ಫೋನು ಕೈಯಲ್ಲೇ ಇತ್ತು. ಮುಖ್ಯಸ್ಥರು ನಯವಾಗಿ ಮಾತಾಡಿದರು. ಸಖಿ ತನ್ನ ಕೆಲಸ ಮಾಡಿದ್ದಾರೆ, ಈ ಭಾಗದಲ್ಲಿ ನೆಟ್‌ವರ್ಕಿನದೇ ಸಮಸ್ಯೆ, ಯಾರೂ ಯಾರನ್ನೂ ದೂರಬಾರದು ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವರಿಗೆ ಬೇರೆ ಗೊತ್ತಿರಲಿಲ್ಲ.

ಚಿತ್ತಯ್ಯ ಅದನ್ನು ಕೇಳಿಸಿಕೊಂಡರು. ದನಿ ಏರಿಸಲಿಲ್ಲ.

“ನೆಟ್ವರ್ಕು ನಮ್ಮಪ್ಪನ ಕಾಲದಾಗೂ ಇರ್ಲಿಲ್ಲ ಕಣ್ ಸ್ವಾಮಿ. ಮಂದೆ ಇತ್ತು. ಎಣಿಸ್ಬುಟ್ಳು, ಅದಕ್ಕೆ ಇಂಗಾತು.” ಗೂಡಿನಿಂದ ತೆಗೆದ ಕಲ್ಲುಗಳು ಒಂದು ಬಟ್ಟೆಯಲ್ಲಿ ಅವರ ಪಕ್ಕದಲ್ಲೇ ಇದ್ದವು. “ಎಣಿಸಿದ ಕೈ ನನ್ನ ರೊಪ್ಪದ ಬಾಗ್ಲಿಗೆ ಬರಬಾರ್ದು. ಅಷ್ಟೇಯ.”

ಸಣ್ಣೀರಕ್ಕ ನನ್ನ ಕಡೆ ನೋಡಿದಳು. ಮುಖ್ಯಸ್ಥರೂ ನೋಡಿದರು. “ಏನಮ್ಮ, ನೆಟ್‌ವರ್ಕೇ ಅಲ್ವಾ?” ಎಂದರು.

ನಾನು ಹೌದು ಸಾರ್, ಈ ಕಡೆ ವೀಕು ಅಂದೆ. ಅಥವಾ ಬರೀ ತಲೆಯಾಡಿಸಿದೆ. ತಲೆಯಾಡಿಸಿದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ, ಮಾತಿಗಿಂತ ಅದು ಕಡಿಮೆ ಎಂಬಂತೆ.

ಆ ಗಳಿಗೆಯಲ್ಲಿ ನನಗೆ ಗೊತ್ತಿತ್ತೇ? ನನ್ನ ನೆನಪಿನ ಪ್ರಕಾರ ಇಲ್ಲ. ಹಟ್ಟಿಯಿಂದ ಬಂದ ಮೇಲೆ ಕೋಡ್ ತೆಗೆದೆ, ಸಾಲಿನ ವಿಷಯ ಆಗ ಕಂಡಿತು, ಕುರ್ಚಿಯಲ್ಲಿ ಕೂತೇ ಇದ್ದೆ. ಇಮ್ರಾನ್ ಹೇಳುವುದು ಬೇರೆ. ಈಗ ಅವನು ಸಿರಾದಲ್ಲೇ ಸ್ವಂತ ಕೆಲಸ ಮಾಡುತ್ತಾನೆ, ಒಮ್ಮೆ ಚಹಾ ಕುಡಿಯುತ್ತ ಅಂದ, “ಜೀಪ್ ಬರೋ ಮುಂಚೇನೇ ನೀನು ಅದೇ ಪುಟ ತೆಗೆದು ನೋಡ್ತಾ ಇದ್ದೆ. ನಾನು ಏನು ಅಂದ್ರೆ ಏನಿಲ್ಲ ಅಂತ ಮುಚ್ಚಿದೆ.” ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇಲ್ಲ. ನನಗೆ ಇದೆ. ಹಾಗಾಗಿ ಅವನ ನೆನಪನ್ನೇ ನಂಬಬೇಕೇನೋ, ಆದರೆ ಆ ಪುಟ ಮುಚ್ಚಿದ್ದು ನನಗೆ ನೆನಪಿಲ್ಲ. ಎಷ್ಟು ತಿಣುಕಿದರೂ ಇಲ್ಲ.

ಆಮೇಲೆ ನಾನು ಎಲ್ಲವನ್ನೂ ಸರಿಮಾಡಿದೆ. ಉತ್ತರಗಳನ್ನು ಬೇರೆ ಬೇರೆ ಓದುವಂತೆ ಬರೆದೆ. ಸರ್ವರಿನ ಮಾತನ್ನು ಕನ್ನಡದಲ್ಲಿ ಹಾಗೇ ತೋರಿಸಿದೆ: ಕುರಿಯ ಸಂಖ್ಯೆ ಬೇಕು; ಈ ವಾರದ ಲಸಿಕೆ ಮುಗಿದಿದೆ, ಸಿರಾಕ್ಕೆ ಫೋನ್ ಮಾಡಿ. ಉತ್ತರ ಬಾರದಿದ್ದಾಗ ಮಾತ್ರ ಮೋಡ. ಒಂದು ಸಿಕ್ಕಿಕೊಂಡರೆ ಹಿಂದಿನದು ಪಕ್ಕಕ್ಕೆ ಸರಿದು ಹೋಗುವಂತೆ ಮಾಡಿದೆ. ಮುಖ್ಯಸ್ಥರು ಎಲ್ಲರೆದುರು ಮೆಚ್ಚಿಕೊಂಡರು. ಹೊಸ ಆಪ್ ನಾಲ್ಕೂ ತಾಲ್ಲೂಕಿನ ಫೋನುಗಳಿಗೆ ಇಳಿಯಿತು, ಸಣ್ಣೀರಕ್ಕನ ಫೋನಿಗೂ. ಇಳಿಯುವಾಗ ಹಳೆಯ ಸಾಲಿನಲ್ಲಿ ಕಾದು ನಿಂತಿದ್ದನ್ನೆಲ್ಲ ಅಳಿಸಿ ಹಾಕಿತು. ಹಾಗೆ ಮಾಡು ಎಂದು ಬರೆದವಳೂ ನಾನೇ. ಹಳೆಯದನ್ನು ಉಳಿಸಿಕೊಂಡು ಹೊಸದಕ್ಕೆ ಹೊಂದಿಸುವುದು ಕಷ್ಟದ ಕೆಲಸ, ಅಳಿಸುವುದೇ ವಾಡಿಕೆ ಎಂದು ಆಗ ಅಂದುಕೊಂಡೆ. ಅದು ನಿಜವೂ ಹೌದು.

ಸರ್ವರಿನ ಕಡೆ ಬಂದುಹೋದ ಕೋರಿಕೆಗಳ ದಾಖಲೆ ಕೆಲವು ದಿನ ಇರುತ್ತದೆ, ಆಮೇಲೆ ಅದರ ಮೇಲೆ ಹೊಸದು ಬಂದು ಕೂರುತ್ತದೆ. ನಾನು ಇಮ್ರಾನನನ್ನು ಕೇಳಿದ್ದು ಆ ಕೆಲವು ದಿನ ಕಳೆದ ಮೇಲೆ. ಮೊದ್ಲೇ ಕೇಳಿದ್ರೆ ಇತ್ತಲ್ಲ ಅಂದ. ಕೆಲಸ ಹೆಚ್ಚಿತ್ತು ಅಂದೆ. ಅವನು ನನ್ನ ಮುಖವನ್ನು ನೋಡದೆ ಕೀಬೋರ್ಡ್ ನೋಡಿದ. ಅದು ನನಗೆ ಚೆನ್ನಾಗಿ ನೆನಪಿದೆ.

ಸಣ್ಣೀರಕ್ಕ ಸಖಿಯ ಕೆಲಸ ಬಿಟ್ಟಳು. ಯಾರೂ ತೆಗೆಯಲಿಲ್ಲ. ರೊಪ್ಪದೊಳಕ್ಕೆ ಕಾಲಿಡದವಳು ಸಖಿಯಾಗಿ ಏನು ಮಾಡುವುದು. ಮರುವರ್ಷ ನಾನೂ ಬೇರೆ ಕೆಲಸ ಹಿಡಿದೆ. ಬಿಡುವ ಮುಂಚೆ ಒಮ್ಮೆ ಹಟ್ಟಿಗೆ ಹೋಗಿ ಚಿತ್ತಯ್ಯನವರ ಎದುರು ಕೂತು ಹೇಳಬೇಕೆಂದು ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆ. ಮಧುಗಿರಿಯ ಬಸ್ಸು ಹತ್ತಿ ಮನೆಗೆ ಹೋದೆ.

ಮೊನ್ನೆಯ ಬಸ್ಸು. ಆ ವಾಸನೆ ಇನ್ನೂ ಮೂಗಿನಲ್ಲಿರುವಾಗಲೇ ಮುಂದಿನ ನಿಲ್ದಾಣದಲ್ಲಿ ಒಬ್ಬ ಹೆಂಗಸು ಹತ್ತಿ, ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂತಳು. ಅಂಗೈ ಗೆರೆಗಳಲ್ಲೆಲ್ಲ ಕೆಂಪು ಮಣ್ಣು. ನಾನು ಮುಖ ಕಿಟಕಿಗೆ ತಿರುಗಿಸಿದೆ. ಇಷ್ಟೆಲ್ಲ ಬರೆಯುವವಳು ಮೊದಲು ಮಾಡಿದ್ದು ಅದನ್ನೇ.

“ಮೇಡಮ್ಮ ಅಲ್ವಾ? ಮೋಡದ ಮೇಡಮ್ಮ?”

ನಗುತ್ತಿದ್ದಳು. ಬರಗೂರಿನ ಹತ್ತಿರದ ನರ್ಸರಿಯೊಂದರಲ್ಲಿ ಸಸಿಚೀಲಕ್ಕೆ ಮಣ್ಣು ತುಂಬುವ ಕೆಲಸವಂತೆ. ಮಗಳು ಸಿರಾದಲ್ಲಿ ಕಾಲೇಜು. ಗಂಡನಿಗೆ ಮಂಡಿನೋವು. ನೀವು ದಪ್ಪ ಆಗಿದ್ದೀರಿ ಅಂದಳು. ಕುರಿಗಳು ಹೇಗಿವೆ ಎಂದು ಕೇಳಿದೆ.

“ಅವೆ. ನಾನು ಆಕಡೆ ಹೋಗಲ್ಲ. ಹೋದ್ರೆ ದೊಡ್ಡಮಾವ ಕೆಮ್ಮುತೈತೆ.” ಚಿತ್ತಯ್ಯನವರ ಹಾಗೆ ಕೆಮ್ಮಿ ತೋರಿಸಿದಳು. “ಬೈಯೋದಿಲ್ಲ, ಬರೀ ಕೆಮ್ಮುತೈತೆ. ಮನೆಯಾಗೆ ಒಂದು ಮರಿ ಸತ್ರೂ ಎಲ್ರೂ ನನ್ನ ಕೈ ನೋಡ್ತಾರೆ. ಅಭ್ಯಾಸ ಆಗೋಗೈತೆ ಬುಡಿ.”

ಆಗ ಹೇಳಿದೆ. ಹೇಗೆ ಹೇಳಿದೆನೋ, ಪೋಣಿಸಿ ಹೇಳಲು ಬರಲಿಲ್ಲ. ನೆಟ್‌ವರ್ಕ್ ಅಲ್ಲ ಸಣ್ಣೀರಕ್ಕ, ನೀವು ಎಣಿಸಿದ್ದೂ ಅಲ್ಲ. ನೀವು ಕಳಿಸಿದ್ದು ಅಲ್ಲಿಗೆ ಮುಟ್ಟಿತ್ತು, ಅಲ್ಲಿಂದ ಉತ್ತರವೂ ಬಂದಿತ್ತು, ನಾನು ಬರೆದ ಆಪ್ ಆ ಉತ್ತರ ಓದದೆ ನಿಮಗೆ ಮೋಡ ತೋರಿಸಿತು, ತಪ್ಪು ನನ್ನದು. ಅವಳು ಮಣ್ಣು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಉಜ್ಜಿಕೊಳ್ಳುತ್ತ ಕೇಳಿದಳು. ಬಸ್ಸು ಒಂದು ಹಳ್ಳ ಇಳಿದು ಹತ್ತಿತು.

“ಬಂದಿತ್ತಾ ಉತ್ತರ?”

“ಬಂದಿರಬೇಕು.”

“ಏನಂತ ಬಂದಿತ್ತು?”

ನಾನು ಕೈಯಲ್ಲಿದ್ದ ಟಿಕೆಟನ್ನು ಮಡಚಿದೆ.

“ಅಲ್ಲ, ದೊಡ್ಡಮಾವನ ತಾವ ಹೋಗಿ ಹೇಳಕ್ಕೆ ಒಂದು ಮಾತು ಬ್ಯಾಡ್ವಾ ಮೇಡಮ್ಮ? ಮೇಡಮ್ಮ ಸಿಕ್ಕಿದ್ರು, ತಪ್ಪು ಅವ್ರದಂತೆ ಅಂದ್ರೆ ಮುದುಕ ಒಪ್ಪತೈತಾ? ಇಂಗಿಂಗೆ ಅಂದಿತ್ತಂತೆ, ಅದಕ್ಕೇ ಲಸಿಕೆ ಬರ್ಲಿಲ್ವಂತೆ ಅಂತ ಹೇಳ್ಬೇಕು.”

ನೀವು ಮೊದಲನೇ ಸಲ ಸೊನ್ನೆ ಹಾಕಿದ್ದಿರಲ್ಲ, ಅದಕ್ಕೇ ಇರಬೇಕು ಅಂದೆ. ಅವಳು ಸರ್ರನೆ ನನ್ನ ಕಡೆ ತಿರುಗಿದಳು.

“ಸೊನ್ನೆನಾ? ನಾನ್ಯಾಕೆ ಸೊನ್ನೆ ಹಾಕ್ಲಿ? ನೀವೇ ಅಲ್ವಾ ಅಂದಾಜು ಹಾಕು ಅಂದಿದ್ದು. ಅಂದಾಜು ಹಾಕಿದ್ದೆ.”

ಅವಳ ದನಿಯಲ್ಲಿ ಅನುಮಾನ ಇರಲಿಲ್ಲ. ನನ್ನ ಕಿವಿಯಲ್ಲಿರುವ ಮಾತಿನಲ್ಲೂ ಅನುಮಾನ ಇಲ್ಲ. ಅವಳು ಹೇಳುವುದು ನಿಜವಾದರೆ ಸರ್ವರು ಬೇರೆ ಏನೋ ಹೇಳಿತ್ತು. ಲಸಿಕೆ ಮುಗಿದಿದೆ ಎಂದಿರಬಹುದು, ಹಾಗಿದ್ದರೆ ಅವಳು ಸಿರಾಕ್ಕೆ ಬಂದು ಬೇರೆ ಕಡೆಯಿಂದ ತರಿಸಿಕೊಳ್ಳಬಹುದಿತ್ತು. ಹಟ್ಟಿಯ ಹೆಸರೇ ಪಟ್ಟಿಯಲ್ಲಿ ಬಿಟ್ಟುಹೋಗಿರಬಹುದು, ಹಾಗಿದ್ದರೆ ಇಮ್ರಾನ್ ಐದು ನಿಮಿಷದಲ್ಲಿ ಸೇರಿಸುತ್ತಿದ್ದ. ಗುಟ್ಟೆಯ ಮೇಲೆ ಕಡ್ಡಿ ಪೂರ್ತಿ ಬರುತ್ತಿದ್ದದ್ದು ನಾನೇ ಕಲ್ಪಿಸಿಕೊಂಡ ಮಾತಾಗಿದ್ದು, ಅಲ್ಲಿ ನಿಜವಾಗಿಯೂ ನೆಟ್‌ವರ್ಕ್ ಇರಲಿಲ್ಲವೋ ಏನೋ. ಆಗ ಈ ಬರಹವೇ ಬೇಕಿಲ್ಲ. ಒಂದನ್ನು ಆರಿಸಿ ಅವಳ ಕೈಗೆ ಕೊಡಬಹುದಿತ್ತು. ಮುದುಕರ ಮುಂದೆ ಯಾವುದು ನಿಲ್ಲುತ್ತದೆ ಎಂದು ಒಂದು ಕ್ಷಣ ಯೋಚಿಸಿದೆ ಕೂಡ.

“ಗೊತ್ತಿಲ್ಲ ಸಣ್ಣೀರಕ್ಕ. ಉಳಿಸಿಕೊಂಡಿಲ್ಲ.”

“ಎಲ್ಲೂ?”

“ಎಲ್ಲೂ ಇಲ್ಲ.”

ಅವಳು ಹೂಂ ಅಂದಳು. ನರ್ಸರಿಯ ನಿಲ್ದಾಣ ಬಂತು. ಬುತ್ತಿಯ ಚೀಲ ತೆಗೆದುಕೊಂಡು ಎದ್ದು, ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತು, ಮನೆ ಕಡೆ ಬನ್ನಿ ಅಂದಳು, ಎಲ್ಲರಿಗೂ ಅನ್ನುವ ಹಾಗೆ. ಇಳಿದು ಹೋದಳು.

ಸರ್ವರು ಅವಳಿಗೆ ಏನು ಹೇಳಿತ್ತು ಎಂಬುದು ನನಗೆ ಗೊತ್ತಿಲ್ಲ. ಹೇಳಿದ್ದು ಅವಳಿಗೆ ತಲುಪಿ, ಲಸಿಕೆ ಬಂದಿದ್ದರೂ, ಅಷ್ಟು ಬೇಗ ಬಂದ ಮಳೆಗೆ ಆ ಮರಿಗಳು ಉಳಿಯುತ್ತಿದ್ದವೇ ಎಂಬುದೂ ಗೊತ್ತಿಲ್ಲ. ಜೀಪು ಬರುವ ಮುಂಚೆ ನಾನು ಆ ಪುಟವನ್ನು ನೋಡಿದ್ದೆನೋ ಇಲ್ಲವೋ ಗೊತ್ತಿಲ್ಲ. ಆ ಸಂಜೆ ಅವಳು ಹಟ್ಟಿಗೆ ಹೋಗಿ ಚಿತ್ತಯ್ಯನವರಿಗೆ ಏನಾದರೂ ಹೇಳಿದಳೋ, ಹೇಳಿದರೆ ಏನೆಂದು ಹೇಳಿದಳೋ, ಅದೂ ಗೊತ್ತಿಲ್ಲ.